ಮ್ಯಾನಟಿ ನೋಡಲು ಹೊರಡುವ ಮುನ್ನ

ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವ ನಮ್ಮ ಕಡೆಯ ಹಿರಿಯರು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಟು, ಚಳಿ ಶುರುವಾಗುವ ಮೊದಲೇ ಹಿಂತಿರುಗುತ್ತಾರೆ. ಅಲ್ಲಿನ ಪ್ರೇಕ್ಷಣೀಯ ಸ್ಥಳಗಳ ಪೈಕಿ ಹೆಚ್ಚಿನವುಗಳಿಗೆ ಈ ಲೆಕ್ಕಾಚಾರ ಸರಿ. ಆದರೆ ಫ್ಲೋರಿಡಾ ರಾಜ್ಯದ ಒಂದು ನೋಟ ಮಾತ್ರ ಚಳಿಗಾಲಕ್ಕೇ ಮೀಸಲು. ಅಲ್ಲಿನ ತಿಳಿನೀರಿನ ಬುಗ್ಗೆಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೂರಾರು ಮ್ಯಾನಟಿಗಳು ಒಟ್ಟಿಗೆ ಸೇರುತ್ತವೆ. ಎಮ್ಮೆಯಷ್ಟು ತೂಗುವ, ಯಾರಿಗೂ ಕೇಡು ಮಾಡದ ಈ ಜಲಸಸ್ತನಿಯನ್ನು ದಡದ ಮೇಲೆ ನಿಂತುಕೊಂಡೇ, ಅದರ ಬೆನ್ನಿನ ಮೇಲಿನ ಪಾಚಿಯೂ ಕಾಣುವಷ್ಟು ಹತ್ತಿರದಿಂದ ನೋಡಬಹುದು.

ಇದು ಸುಲಭವಾಗಿ ಸಿಗುವ ನೋಟ. ಸುಲಭವಾಗಿ ಕೆಡಿಸಬಹುದಾದ ನೋಟವೂ ಹೌದು. ಮ್ಯಾನಟಿಗಳು ಬುಗ್ಗೆಗೆ ಬರುವುದು ನಮಗೆ ದರ್ಶನ ಕೊಡುವುದಕ್ಕಲ್ಲ, ಚಳಿಯಿಂದ ಜೀವ ಉಳಿಸಿಕೊಳ್ಳುವುದಕ್ಕೆ. ನೋಡಲು ಹೋದವರು ಅವುಗಳನ್ನು ಅಲ್ಲಿಂದ ಎಬ್ಬಿಸಿ ಓಡಿಸಿದರೆ ಆ ನಷ್ಟ ನೋಡುಗರಿಗಲ್ಲ, ಪ್ರಾಣಿಗೆ. ಆದುದರಿಂದ ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು ಎಂಬುದರ ಜೊತೆಗೆ, ಹೋದ ಮೇಲೆ ಹೇಗಿರಬೇಕು ಎಂಬುದೂ ಈ ಪ್ರವಾಸದ ಸಿದ್ಧತೆಯೇ ಆಗಿದೆ. ಮಾತುಕತೆಯ ಅವಧಿಯಲ್ಲಿ ವಿವರವಾಗಿ ಹೇಳಲಾಗದ ಸಂಗತಿಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಆನೆಯ ದೂರದ ನೆಂಟ

ಮ್ಯಾನಟಿಯನ್ನು ಕಡಲಹಸು ಎಂದು ಕರೆಯುವುದು ರೂಢಿ. ಹುಲ್ಲು ಮೇಯುವುದರಿಂದ ಈ ಹೆಸರು ಒಪ್ಪುತ್ತದೆ. ಆದರೆ ವಂಶಾವಳಿ ತೆಗೆದರೆ ಅದಕ್ಕೆ ಹಸುವಿಗಿಂತ ಆನೆ ಹತ್ತಿರದ ಸಂಬಂಧಿ. ಗುರುತುಗಳು ಈಗಲೂ ಉಳಿದಿವೆ. ಫ್ಲೋರಿಡಾ ಮ್ಯಾನಟಿಯ ಮುಂಗಾಲು ಈಜಲು ಅನುಕೂಲವಾಗುವಂತೆ ಚಪ್ಪಟೆಯಾಗಿದ್ದರೂ ಅದರ ತುದಿಯಲ್ಲಿ ಮೂರು ನಾಲ್ಕು ಉಗುರುಗಳಿವೆ. ಆನೆಯಂತೆಯೇ ಇದರ ಮೊಲೆಗಳೂ ಮುಂಗಾಲಿನ ಬಳಿಯಲ್ಲೇ ಇವೆ. ತಾಯಿಯ ಕಂಕುಳಿಗೆ ಮೂತಿಯಿಟ್ಟು ಮರಿ ಹಾಲು ಕುಡಿಯುವುದನ್ನು ಬುಗ್ಗೆಯ ತಿಳಿನೀರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಇನ್ನು ಹಲ್ಲು. ಮರಳು ಬೆರೆತ ಸೊಪ್ಪು ಅಗಿದು ಮುಂದಿನ ದವಡೆಹಲ್ಲು ಸವೆದು ಬಿದ್ದಂತೆ ಹಿಂದಿನಿಂದ ಹೊಸ ಹಲ್ಲು ಸರಿದು ಮುಂದೆ ಬರುತ್ತದೆ. ಆನೆಗೆ ಇಂಥ ಬದಲಿ ಹಲ್ಲುಗಳು ಎಣಿಕೆಯಷ್ಟೇ ಇದ್ದರೆ, ಮ್ಯಾನಟಿಗೆ ಬದುಕಿರುವಷ್ಟು ಕಾಲವೂ ಬರುತ್ತಲೇ ಇರುತ್ತವೆ.

ಪೂರ್ಣವಾಗಿ ಬೆಳೆದ ಮ್ಯಾನಟಿ ಸುಮಾರು 3 ಮೀಟರ್ ಉದ್ದ, 400ರಿಂದ 550 ಕಿಲೋ ತೂಕ ಇರುತ್ತದೆ. ಇದಕ್ಕಿಂತ ಎರಡು ಪಟ್ಟು ತೂಗುವವೂ ಉಂಟು. ದಿನಕ್ಕೆ ಆರೆಂಟು ಗಂಟೆ ಮೇಯುವುದು, ಉಳಿದ ಹೊತ್ತಿನಲ್ಲಿ ಹೆಚ್ಚಿನ ಪಾಲು ವಿಶ್ರಾಂತಿ. ತನ್ನ ತೂಕದ ನೂರರಲ್ಲಿ ನಾಲ್ಕರಿಂದ ಒಂಬತ್ತು ಪಾಲಿನಷ್ಟು ಜಲಸಸ್ಯ ಅದಕ್ಕೆ ದಿನವೂ ಬೇಕು. ಈಜುವಾಗ ಮೂರರಿಂದ ಐದು ನಿಮಿಷಕ್ಕೊಮ್ಮೆ ಮೂಗನ್ನಷ್ಟೇ ಮೇಲೆತ್ತಿ ಉಸಿರಾಡುತ್ತದೆ. ತಳದಲ್ಲಿ ಮಲಗಿರುವಾಗ ಇಪ್ಪತ್ತು ನಿಮಿಷದವರೆಗೂ ಉಸಿರು ಹಿಡಿಯಬಲ್ಲದು. ಗರ್ಭಾವಧಿ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು. ಎರಡರಿಂದ ಐದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಒಂದೇ ಮರಿ. ಆ ಮರಿ ಎರಡು ವರ್ಷದವರೆಗೂ ತಾಯಿಯ ಬೆನ್ನು ಬಿಡುವುದಿಲ್ಲ. ಬೇಸಿಗೆಯಲ್ಲಿ ಎಲ್ಲಿ ಮೇಯಬೇಕು, ಚಳಿ ಬಂದಾಗ ಯಾವ ಬುಗ್ಗೆಗೆ ಸೇರಬೇಕು ಎಂಬ ದಾರಿಯನ್ನು ಅದು ಕಲಿಯುವುದು ತಾಯಿಯಿಂದಲೇ. ಹೀಗಾಗಿ ಒಂದು ತಾಯಿ ಸತ್ತರೆ ಮರಿಯ ಪಾಲಿಗೆ ದಾರಿಯೂ ಅಳಿದಂತೆ.

ಮ್ಯಾನಟಿಗಳಲ್ಲಿ ಮೂರು ಜಾತಿಗಳಿವೆ. ಅಮೆಜಾನ್ ನದಿಯಲ್ಲಿ ಒಂದು, ಪಶ್ಚಿಮ ಆಫ್ರಿಕದ ನದಿ ಮತ್ತು ಕರಾವಳಿಯಲ್ಲಿ ಇನ್ನೊಂದು, ವೆಸ್ಟ್ ಇಂಡೀಸ್ ಸುತ್ತಿನ ಕಡಲಿನಲ್ಲಿ ಮತ್ತೊಂದು. ಫ್ಲೋರಿಡಾದ್ದು ಈ ಮೂರನೆಯದರ ಉಪಜಾತಿ. 1493ರ ಜನವರಿಯಲ್ಲಿ ಕೊಲಂಬಸ್ ತನ್ನ ದಿನಚರಿಯಲ್ಲಿ ಮತ್ಸ್ಯಕನ್ಯೆಯರನ್ನು ಕಂಡೆನೆಂದೂ, ಚಿತ್ರಗಳಲ್ಲಿ ಬರೆದಷ್ಟು ಚೆಲುವೆಯರಲ್ಲವೆಂದೂ ಬರೆದಿಟ್ಟ. ಆತ ಕಂಡದ್ದು ಈ ಮ್ಯಾನಟಿಯನ್ನೇ ಇರಬೇಕೆಂದು ನಂಬಲಾಗಿದೆ.

ಚಳಿಗಾಲವೇ ಏಕೆ?

ಇಷ್ಟು ದಪ್ಪದ ಪ್ರಾಣಿಗೆ ಚಳಿ ತಟ್ಟಬಾರದಲ್ಲ ಎಂದು ತೋರಬಹುದು. ಆದರೆ ತಿಮಿಂಗಿಲಕ್ಕಿರುವಂಥ ಕೊಬ್ಬಿನ ದಪ್ಪ ಹೊದಿಕೆ ಮ್ಯಾನಟಿಗೆ ಇಲ್ಲ. ಆ ದಪ್ಪದಲ್ಲಿ ಬಹುಪಾಲು ಹೊಟ್ಟೆ ಮತ್ತು ಕರುಳಿನದು. ಸೊಪ್ಪುಸದೆ ತಿಂದು ನಿಧಾನವಾಗಿ ಜೀರ್ಣಿಸಿಕೊಳ್ಳುವ ಈ ದೇಹ ಶಾಖವನ್ನು ಉತ್ಪಾದಿಸುವುದೂ ಕಡಿಮೆಯೇ. ನೀರಿನ ಉಷ್ಣತೆ ಬಹಳ ದಿನ 20 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗಿದ್ದರೆ ಅದು ಮೇವು ಬಿಡುತ್ತದೆ, ಚರ್ಮದಲ್ಲಿ ಹುಣ್ಣಾಗುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ, ಕೊನೆಗೆ ಸಾಯುತ್ತದೆ. ಚಳಿಗಾಲದಲ್ಲಿ ಮೆಕ್ಸಿಕೋ ಕೊಲ್ಲಿಯ ನೀರೂ, ಫ್ಲೋರಿಡಾದ ನದಿಗಳ ನೀರೂ ಈ ಮಟ್ಟಕ್ಕಿಂತ ಕೆಳಕ್ಕೆ ಇಳಿಯುತ್ತವೆ.

ಆಗ ಅವುಗಳಿಗೆ ಆಸರೆಯಾಗುವುದು ಬುಗ್ಗೆಗಳು. ಇವು ಬಿಸಿನೀರಿನ ಬುಗ್ಗೆಗಳಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಹಳೆಯ ಮನೆಗಳ ಬಾವಿಯ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೂ, ಬೇಸಿಗೆಯ ಮಧ್ಯಾಹ್ನ ತಣ್ಣಗೂ ಇರುವುದನ್ನು ಎಲ್ಲರೂ ಬಲ್ಲರು. ನಿಜಕ್ಕೂ ಆ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ. ಬದಲಾಗುವುದು ಹೊರಗಿನ ಗಾಳಿ. ಫ್ಲೋರಿಡಾದಲ್ಲಿಯೂ ನಡೆಯುವುದು ಇದೇ. ಅಲ್ಲಿನ ನೆಲದಡಿ ಸುಣ್ಣಕಲ್ಲಿನ ಪದರಗಳಿದ್ದು, ಅವುಗಳ ಪೊಟರೆಗಳಲ್ಲಿ ಅಪಾರ ಅಂತರ್ಜಲವಿದೆ. ಅದು ಸೀಳುಗಳ ಮೂಲಕ ಮೇಲೆ ಉಕ್ಕುವಾಗ ಸದಾ ಸುಮಾರು 22 ಡಿಗ್ರಿ ಇರುತ್ತದೆ. ಹೊರಗೆ ನದಿ 15 ಡಿಗ್ರಿಗೆ ಇಳಿದಾಗ ಬುಗ್ಗೆಯ ಬಾಯಿ ಮ್ಯಾನಟಿಗೆ ಬೆಚ್ಚನೆಯ ಕೋಣೆಯಾಗುತ್ತದೆ.

ಇದರಿಂದ ಪ್ರವಾಸಿಗೆ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಚಳಿ ಹೆಚ್ಚಿದಷ್ಟೂ ಮ್ಯಾನಟಿಗಳು ಹೆಚ್ಚು. ಎರಡು, ಬೇಸಿಗೆಯಲ್ಲಿ ಅವು ಕರಾವಳಿಯುದ್ದಕ್ಕೂ ಚದುರಿ, ಕೆಲವು ಜಾರ್ಜಿಯ, ಕೆರೊಲಿನಗಳವರೆಗೂ ಹೋಗುತ್ತವೆ. ಆಗ ಸಿಗುವ ದರ್ಶನ ಕೇವಲ ಅದೃಷ್ಟದ ಮಾತು. ಮಕ್ಕಳ ಮನೆಗೆ ಹೋಗುವವರು ಈ ಒಂದು ನೋಟಕ್ಕಾಗಿಯಾದರೂ ಅಕ್ಟೋಬರ್‌ನಲ್ಲಿ ಹೊರಟು ಮಾರ್ಚ್‌ನಲ್ಲಿ ಹಿಂತಿರುಗುವ ಯೋಚನೆ ಮಾಡಬಹುದು.

ಎಲ್ಲಿಗೆ ಹೋಗಬೇಕು?

ಫ್ಲೋರಿಡಾದಲ್ಲಿ ಮ್ಯಾನಟಿ ಸೇರುವ ತಾಣಗಳು ಹಲವು. ದೂರದಿಂದ ಬರುವವರಿಗೆ ಅನುಕೂಲವಾದವು ನಾಲ್ಕು.

ಮೊದಲನೆಯದು ಕ್ರಿಸ್ಟಲ್ ರಿವರ್. ರಾಜ್ಯದ ಪಶ್ಚಿಮ ಕರಾವಳಿಯ ಈ ಸಣ್ಣ ಊರು ಟ್ಯಾಂಪಾ ನಗರದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಊರಿನ ಮಗ್ಗುಲಲ್ಲಿರುವ ಕಿಂಗ್ಸ್ ಬೇ ಎಂಬ ಕೊಲ್ಲಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಬುಗ್ಗೆಗಳಿವೆ. ಮ್ಯಾನಟಿಯ ರಕ್ಷಣೆಗೆಂದೇ 1983ರಲ್ಲಿ ಇಲ್ಲಿ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮವನ್ನು ಸ್ಥಾಪಿಸಲಾಯಿತು. ಅನುಮತಿ ಪಡೆದ ದೋಣಿಯವರೊಂದಿಗೆ ಹೋಗಿ, ನೀರಿಗಿಳಿದು, ಮ್ಯಾನಟಿಯನ್ನು ನೋಡಲು ಅವಕಾಶವಿರುವುದು ಈ ಊರಿನ ವಿಶೇಷ. ನೀರಿಗಿಳಿಯಲು ಇಚ್ಛಿಸದವರಿಗೆ ‘ಥ್ರೀ ಸಿಸ್ಟರ್ಸ್’ ಎಂಬ ಬುಗ್ಗೆಯ ಸುತ್ತ ಮರದ ಹಲಗೆ ಹಾಸಿದ ದಾರಿಯಿದೆ. ಚಳಿಯ ಬೆಳಗ್ಗೆ ಈ ಹಲಗೆದಾರಿಯ ಮೇಲಿಂದ ಕೆಳಗೆ ನೋಡಿದರೆ, ಗಾಜಿನಂಥ ನೀಲಿ ನೀರಿನ ತಳದಲ್ಲಿ ಮ್ಯಾನಟಿಗಳು ಒಂದಕ್ಕೊಂದು ಒರಗಿ ಮಲಗಿರುವುದು ಕಾಣುತ್ತದೆ.

ಎರಡನೆಯದು ಆರೆಂಜ್ ಸಿಟಿ ಎಂಬ ಊರಿನ ಬಳಿಯ ಬ್ಲೂ ಸ್ಪ್ರಿಂಗ್ ರಾಜ್ಯ ಉದ್ಯಾನ. ಡಿಸ್ನಿ ವರ್ಲ್ಡ್ ನೋಡಲು ಒರ್ಲ್ಯಾಂಡೊಗೆ ಹೋಗುವ ನಮ್ಮ ಕುಟುಂಬಗಳಿಗೆ ಇದು ಬಹಳ ಅನುಕೂಲ. ಒರ್ಲ್ಯಾಂಡೊ ನಗರದಿಂದ ಕಾರಿನಲ್ಲಿ ಗಂಟೆಯೊಳಗೆ ತಲುಪಬಹುದು. ಬುಗ್ಗೆಯ ನೀರು ಇಲ್ಲಿ ತೊರೆಯಾಗಿ ಹರಿದು ಸೇಂಟ್ ಜಾನ್ಸ್ ನದಿಯನ್ನು ಸೇರುತ್ತದೆ. ತೊರೆಯ ಪಕ್ಕದಲ್ಲೇ ನೆರಳಿನ ಹಲಗೆದಾರಿಯಿದೆ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಮನುಷ್ಯರು ಈ ತೊರೆಗೆ ಇಳಿಯುವಂತಿಲ್ಲ, ದೋಣಿಯೂ ಬರುವಂತಿಲ್ಲ. ಸಿಬ್ಬಂದಿ ಮಾತ್ರ ಬೆಳಗ್ಗೆ ಸಣ್ಣ ದೋಣಿಯಲ್ಲಿ ಹೋಗಿ ಎಣಿಕೆ ಮಾಡುತ್ತಾರೆ.

ಈ ಉದ್ಯಾನದ ಹಿನ್ನೆಲೆ ದೂರದರ್ಶನದ ವೀಕ್ಷಕರಿಗೆ ಆಸಕ್ತಿ ಹುಟ್ಟಿಸುವಂಥದು. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕಡಲ ಸಂಶೋಧಕ ಜಾಕ್ ಕೂಸ್ತೊ ಅವರ ತಂಡ ಇಲ್ಲಿನ ಮ್ಯಾನಟಿಗಳ ಬಗ್ಗೆ ಟೆಲಿವಿಷನ್ ಚಿತ್ರವೊಂದನ್ನು ತಯಾರಿಸಿತು. ಆಗ ಇಲ್ಲಿಗೆ ಬರುತ್ತಿದ್ದ ಮ್ಯಾನಟಿಗಳು ನಲವತ್ತಕ್ಕಿಂತ ಕಡಿಮೆ. 1972ರಲ್ಲಿ ಫ್ಲೋರಿಡಾ ಸರ್ಕಾರ ಈ ಜಾಗವನ್ನು ಕೊಂಡು ಉದ್ಯಾನವಾಗಿಸಿ, ಚಳಿಗಾಲದಲ್ಲಿ ಮ್ಯಾನಟಿಗಳಿಗೆ ಬಿಟ್ಟುಕೊಟ್ಟಿತು. 2024ರ ಜನವರಿಯ ಒಂದು ಬೆಳಗ್ಗೆ ಅಲ್ಲಿ ಎಣಿಸಿದ್ದು 932. ಜಾಗ ಬಿಟ್ಟುಕೊಟ್ಟು ಸುಮ್ಮನಿದ್ದರೆ ಏನಾಗಬಲ್ಲದು ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಮೂರನೆಯದು ಟ್ಯಾಂಪಾ ಬಳಿಯ ಅಪೊಲೊ ಬೀಚ್. ಇಲ್ಲಿ ಬುಗ್ಗೆಯಿಲ್ಲ, ವಿದ್ಯುತ್ ಸ್ಥಾವರವಿದೆ. ಯಂತ್ರಗಳನ್ನು ತಂಪಾಗಿಸಿ ಹೊರಬರುವ ಬೆಚ್ಚನೆಯ ನೀರು ಕಾಲುವೆಯ ಮೂಲಕ ಕೊಲ್ಲಿಯನ್ನು ಸೇರುತ್ತದೆ. ಈ ಕಾಲುವೆಯೇ ಮ್ಯಾನಟಿಗಳ ಚಳಿಗಾಲದ ತಂಗುದಾಣ. ವಿದ್ಯುತ್ ಕಂಪನಿಯವರೇ ನಡೆಸುವ ವೀಕ್ಷಣಾ ಕೇಂದ್ರ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ತೆರೆದಿರುತ್ತದೆ. ಪ್ರವೇಶ ಉಚಿತ. ಹೊಗೆಗೊಳವೆಯ ಕೆಳಗೆ ವನ್ಯಜೀವಿ ನೋಡುವುದು ಕೆಲವರಿಗೆ ರುಚಿಸದಿರಬಹುದು. ಆದರೆ ಇಂದಿನ ಮ್ಯಾನಟಿಯ ಬದುಕಿನ ನಿಜವಾದ ಚಿತ್ರ ಇದೇ. ಫ್ಲೋರಿಡಾದ ಮ್ಯಾನಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಳಿಗಾಲ ಕಳೆಯಲು ಇಂಥ ಸ್ಥಾವರಗಳ ನೀರನ್ನೇ ನಂಬಿವೆ. ಹಳೆಯ ಸ್ಥಾವರಗಳು ಮುಚ್ಚಿದಾಗ ಇವುಗಳ ಗತಿಯೇನು ಎಂಬುದು ಅಲ್ಲಿನ ತಜ್ಞರನ್ನು ಕಾಡುವ ದೊಡ್ಡ ಪ್ರಶ್ನೆ.

ನಾಲ್ಕನೆಯದು ಕ್ರಿಸ್ಟಲ್ ರಿವರ್‌ಗೆ ಹತ್ತಿರದಲ್ಲೇ ಇರುವ ಹೊಮೊಸಾಸಾ ಬುಗ್ಗೆಯ ರಾಜ್ಯ ಉದ್ಯಾನ. ಇಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಕಟ್ಟಿದ ಕೊಠಡಿಯೊಂದಿದ್ದು, ಅದರ ಗಾಜಿನ ಮೂಲಕ ಮೀನುಗಳನ್ನೂ ಮ್ಯಾನಟಿಗಳನ್ನೂ ಎದುರಾಎದುರು ನೋಡಬಹುದು. ಗಾಯಗೊಂಡು ಆರೈಕೆಯಲ್ಲಿರುವ ಮ್ಯಾನಟಿಗಳು ಇಲ್ಲಿರುವುದರಿಂದ, ಹವೆ ಬೆಚ್ಚಗಾಗಿ ಉಳಿದ ಕಡೆ ನಿರಾಶೆಯಾದವರಿಗೆ ಇದು ಸಮಾಧಾನ ಕೊಡುವ ತಾಣ.

ಯಾವ ದಿನ, ಯಾವ ಹೊತ್ತು?

ಮ್ಯಾನಟಿಯ ಋತು ಎಂದು ಅಧಿಕೃತವಾಗಿ ಹೇಳುವುದು ನವೆಂಬರ್ 15ರಿಂದ ಮಾರ್ಚ್ 31ರವರೆಗೆ. ಆದರೆ ಎರಡೂ ತುದಿಗಳನ್ನು ಬಿಟ್ಟು, ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಕ್ಷೇಮ. ಉತ್ತರದಿಂದ ಶೀತಗಾಳಿ ಬೀಸಿದ ಎರಡು ಮೂರು ದಿನಗಳ ನಂತರ ಬುಗ್ಗೆಗಳು ತುಂಬುತ್ತವೆ. ಒಂದು ವಾರ ಬಿಸಿಲು ಕಾದರೆ ಅವು ಮೇಯಲು ಹೊರಗೆ ಹೋಗಿಬಿಡುತ್ತವೆ. ಆದುದರಿಂದ ಒಂದೇ ದಿನವನ್ನು ನಂಬಿಕೊಳ್ಳದೆ ಎರಡು ಬೆಳಗ್ಗೆಗಳನ್ನು ಇದಕ್ಕಾಗಿ ತೆಗೆದಿಡಬೇಕು. ಕ್ರಿಸ್‌ಮಸ್ ರಜೆಯ ವಾರ ಮತ್ತು ಶನಿವಾರ, ಭಾನುವಾರಗಳಲ್ಲಿ ಜನಸಂದಣಿ ಹೆಚ್ಚು. ಬ್ಲೂ ಸ್ಪ್ರಿಂಗ್‌ನಲ್ಲಿ ವಾಹನ ನಿಲ್ಲಿಸುವ ಜಾಗ ತುಂಬಿದ ಕೂಡಲೇ ಗೇಟು ಮುಚ್ಚುತ್ತಾರೆ. ಬೆಳಗ್ಗೆ 8 ಗಂಟೆಗೆ ತೆರೆಯುವ ವೇಳೆಗೇ ಅಲ್ಲಿರುವುದು ಉತ್ತಮ.

ಹೊತ್ತಿನ ವಿಷಯದಲ್ಲಿಯೂ ಬೆಳಗಿನ ಜಾವಕ್ಕೇ ಪ್ರಾಶಸ್ತ್ಯ. ಆಗ ಗಾಳಿ ಅತಿ ತಣ್ಣಗಿದ್ದು ಮ್ಯಾನಟಿಗಳು ಬುಗ್ಗೆಯಲ್ಲೇ ಇರುತ್ತವೆ. ದೋಣಿಗಳು ಕಡಿಮೆ, ತಳದ ಕೆಸರು ಇನ್ನೂ ಕಲಕಿರುವುದಿಲ್ಲ. ನೀರಿನ ಮೇಲೆ ಮಂಜಿನಂತೆ ಆವಿ ಏಳುತ್ತಿರುತ್ತದೆ. ಮಧ್ಯಾಹ್ನದ ವೇಳೆಗೆ ಬಹಳಷ್ಟು ಪ್ರಾಣಿಗಳು ಮೇವಿಗಾಗಿ ಹೊರಬಿದ್ದಿರುತ್ತವೆ.

ದಡದಿಂದ ನೋಡುವವರು ಕೆಲವು ಕುರುಹುಗಳನ್ನು ತಿಳಿದಿರಬೇಕು. ನೀರಿನ ಮೇಲೆ ಮಡಿಕೆಯ ಬಾಯಿಯಂಥ ನುಣುಪಾದ ದುಂಡು ವೃತ್ತಗಳು ಒಂದರ ಮುಂದೊಂದು ಮೂಡಿದರೆ ಕೆಳಗೆ ಮ್ಯಾನಟಿ ಸಾಗುತ್ತಿದೆ ಎಂದರ್ಥ. ಅದರ ಅಗಲವಾದ, ದುಂಡನೆಯ ಬಾಲದ ಬಡಿತದಿಂದ ಏಳುವ ಈ ವೃತ್ತಗಳನ್ನು ಅಲ್ಲಿನವರು ಮ್ಯಾನಟಿಯ ಹೆಜ್ಜೆಗುರುತು ಎನ್ನುತ್ತಾರೆ. ಉಸ್ಸೆಂಬ ಉಸಿರಿನ ಸದ್ದು ಕೇಳಿದ ಕಡೆ ತಿರುಗಿದರೆ ಎರಡು ಮೂಗಿನ ಹೊಳ್ಳೆಗಳು ಕ್ಷಣ ಕಾಲ ಕಂಡು ಮುಚ್ಚಿಕೊಳ್ಳುತ್ತವೆ. ನೀರಿನ ಥಳಕನ್ನು ತಡೆಯುವ ಪೋಲರಾಯ್ಡ್ ಕನ್ನಡಕವಿದ್ದರೆ ನೀರಿನಡಿಯ ನೋಟ ಎರಡು ಪಟ್ಟು ಸ್ಪಷ್ಟ.

ನೀರಿಗಿಳಿಯಬೇಕೆ?

ಇದು ಬಹಳ ಜನ ಕೇಳುವ ಪ್ರಶ್ನೆ. ಕ್ರಿಸ್ಟಲ್ ರಿವರ್‌ನಲ್ಲಿ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ದೋಣಿಯವರು ಮೊದಲು ಶಿಷ್ಟಾಚಾರದ ವಿಡಿಯೊ ತೋರಿಸುತ್ತಾರೆ. ನಂತರ ಮೈಗೆ ಅಂಟುವ ರಬ್ಬರಿನ ಉಡುಪು, ಮುಖಕ್ಕೆ ಗಾಜಿನ ಮುಖವಾಡ, ಉಸಿರಾಟದ ಕೊಳವೆ, ತೇಲಲು ಸ್ಪಂಜಿನ ಕೋಲು ಕೊಡುತ್ತಾರೆ. ಜನವರಿಯ ಬೆಳಗ್ಗೆ ಹೊರಗೆ 5, 6 ಡಿಗ್ರಿ ಇರುವುದು ಅಪರೂಪವಲ್ಲ. ಬುಗ್ಗೆಯ ನೀರು ಇಳಿಯುವಾಗ ಬೆಚ್ಚಗೆನಿಸಿದರೂ ಅರ್ಧ ಗಂಟೆಯಲ್ಲಿ ನಡುಕ ಹುಟ್ಟಿಸುತ್ತದೆ. ಹೃದಯದ ತೊಂದರೆ, ಉಬ್ಬಸ, ನೀರಿನ ಭಯ ಇರುವವರು ಇಳಿಯದಿರುವುದೇ ಒಳ್ಳೆಯದು. ಅವರು ದೋಣಿಯಲ್ಲೇ ಕುಳಿತು ನೋಡಬಹುದು.

ಇಳಿಯುವವರು ಒಂದೇ ಸೂತ್ರವನ್ನು ನೆನಪಿಡಬೇಕು. ಅದೆಂದರೆ, ಮಿಸುಕದೆ ತೇಲುವುದು. ಕೈಕಾಲು ಬಡಿಯದೆ, ಮಾತನಾಡದೆ, ಮುಖವನ್ನು ನೀರಿನಲ್ಲಿಟ್ಟು ಮಲಗಿದ ಹಾಗೆ ಇದ್ದರೆ ಮ್ಯಾನಟಿಗಳು ತಮ್ಮ ಪಾಡಿಗೆ ತಾವಿರುತ್ತವೆ. ಮರಿಗಳು ಕುತೂಹಲದಿಂದ ಹತ್ತಿರ ಬರುವುದೂ ಉಂಟು. ನಾವಾಗಿ ಹತ್ತಿರ ಹೋಗಬಾರದು. ಅನುಮತಿಪತ್ರವುಳ್ಳ, ಸಣ್ಣ ಗುಂಪಿನ, ಮಾರ್ಗದರ್ಶಿಯೂ ಜೊತೆಯಲ್ಲಿ ನೀರಿಗಿಳಿಯುವ ದೋಣಿಯನ್ನು ಆರಿಸಬೇಕು. ‘ಮುಟ್ಟಿಸುತ್ತೇವೆ’ ಎಂದು ಆಸೆ ತೋರಿಸುವವರಿಂದ ದೂರವಿರಬೇಕು. ಅತಿ ಚಳಿಯ ದಿನಗಳಲ್ಲಿ ಥ್ರೀ ಸಿಸ್ಟರ್ಸ್ ಬುಗ್ಗೆಯನ್ನು ಈಜುವವರಿಗೆ ಮುಚ್ಚುತ್ತಾರೆ. ಹಣ ಕೊಟ್ಟು ಬಂದಿದ್ದೇವಲ್ಲ ಎಂದು ಇದಕ್ಕೆ ಬೇಸರಪಡಬಾರದು. ಆ ದಿನ ಹಲಗೆದಾರಿಯ ಮೇಲಿನ ನೋಟವೇ ಅತ್ಯುತ್ತಮ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಕ್ಕಳು, ಹಿರಿಯರು ಜೊತೆಗಿದ್ದರೆ, ದಡವೇ ಸಾಕು ಎಂಬುದು ನಮ್ಮ ಸಲಹೆ. ನೀರಿನೊಳಗೆ ಎದುರಿನ ಒಂದು ಪ್ರಾಣಿ ಕಾಣುತ್ತದೆ. ಹಲಗೆದಾರಿಯ ಮೇಲಿಂದ ಇಡೀ ಹಿಂಡೂ, ಅದರ ನಡವಳಿಕೆಯೂ ಕಾಣುತ್ತದೆ.

ಮಾಡಬಾರದ ಕೆಲಸಗಳು

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವುದನ್ನು ನೋಡಿ ಬೆಳೆದ ನಮಗೆ ಪ್ರಾಣಿಗೆ ಏನಾದರೂ ತಿನ್ನಿಸುವುದು ಪುಣ್ಯದ ಕೆಲಸವೆನಿಸುತ್ತದೆ. ಇಲ್ಲಿ ಅದು ಅಪರಾಧ. ಸೊಪ್ಪು ಕೊಡುವುದಿರಲಿ, ಕೊಳಾಯಿಯಿಂದ ಕುಡಿಯುವ ನೀರು ಬಿಡುವುದನ್ನೂ ಕಾನೂನು ನಿಷೇಧಿಸಿದೆ. ಕಾರಣ ಸರಳ. ಮನುಷ್ಯನ ಕೈಯಿಂದ ತಿಂದ ಮ್ಯಾನಟಿ ದೋಣಿಕಟ್ಟೆಗಳ ಬಳಿ ಸುಳಿದಾಡಲು ಕಲಿಯುತ್ತದೆ, ದೋಣಿಯ ಸದ್ದಿಗೆ ಹೆದರುವುದನ್ನು ಬಿಡುತ್ತದೆ. ಕೊನೆಗೆ ಅದೇ ದೋಣಿಯ ಪ್ರೊಪೆಲ್ಲರ್‌ಗೆ ಸಿಕ್ಕುತ್ತದೆ.

ಮ್ಯಾನಟಿಯನ್ನು ಬೆನ್ನಟ್ಟುವುದು, ಸುತ್ತುವರಿಯುವುದು, ತಿವಿಯುವುದು, ಮೇಲೆ ಸವಾರಿ ಮಾಡುವುದು ಅಥವಾ ನಿಲ್ಲುವುದು, ಮಲಗಿರುವ ಅಥವಾ ಮೇಯುತ್ತಿರುವ ಪ್ರಾಣಿಯ ಮೇಲೆ ಮುಳುಗು ಹಾಕುವುದು, ತಾಯಿ ಮತ್ತು ಮರಿಯ ನಡುವೆ ಹೋಗುವುದು ಇವೆಲ್ಲ ನಿಷಿದ್ಧ. ಹಗ್ಗ ಮತ್ತು ತೇಲುಬುಂಡೆಗಳಿಂದ ಗುರುತಿಸಿದ ರಕ್ಷಿತ ವಲಯಗಳೊಳಗೆ ಯಾವ ಕಾರಣಕ್ಕೂ ಕಾಲಿಡಬಾರದು. ಫ್ಲೋರಿಡಾದ 1978ರ ಕಾನೂನಿನ ಪ್ರಕಾರ ಮ್ಯಾನಟಿಗೆ ಕಿರುಕುಳ ಕೊಟ್ಟವರಿಗೆ 500 ಡಾಲರ್ ದಂಡ, 60 ದಿನಗಳ ಸೆರೆಮನೆ ಆಗಬಹುದು. ಕೇಂದ್ರ ಸರ್ಕಾರದ ಕಾನೂನಿನಡಿ ಶಿಕ್ಷೆ ಇದಕ್ಕಿಂತ ಬಹಳ ಹೆಚ್ಚು. ವೀಸಾದ ಮೇಲೆ ಬಂದ ಅತಿಥಿಗಳಂತೂ ಹೆಚ್ಚು ಎಚ್ಚರದಿಂದಿರಬೇಕು.

ಈ ನಿಯಮಗಳು ಅತಿಯಾದವು ಎನಿಸಿದರೆ ಬುಗ್ಗೆಯ ಗಣಿತವನ್ನು ನೆನೆಯಬೇಕು. ಒಳಗೆ 22 ಡಿಗ್ರಿ, ಹೊರಗೆ 15. ನಡುವೆ ಅಂತರ ಕೆಲವೇ ಮಾರು. ಗದ್ದಲಕ್ಕೆ ಬೆದರಿ ಆ ಗಡಿ ದಾಟಿದ ತಾಯಿ, ಅದರ ಹಿಂದೆಯೇ ಹೋದ ಮರಿ ದಿನವಿಡೀ ತಣ್ಣೀರಿನಲ್ಲಿ ಕಳೆಯಬೇಕಾಗುತ್ತದೆ. ಒಬ್ಬ ಪ್ರವಾಸಿಯ ಉತ್ಸಾಹದಿಂದ ಒಂದು ಪ್ರಾಣಿ ಸಾಯದಿರಬಹುದು. ಆದರೆ ಅಲ್ಲಿಗೆ ಬರುವವರು ಒಬ್ಬರಲ್ಲ.

ಪ್ರಯಾಣದ ಸಿದ್ಧತೆ

ಭಾರತದಿಂದ ಹೋಗುವವರಿಗೆ ಪ್ರವಾಸಿ ವೀಸಾ ಬೇಕು. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಒಂದು ವರ್ಷ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಅಲ್ಲಿ ಆಸ್ಪತ್ರೆಯ ಖರ್ಚು ವಿಪರೀತವಾದ ಕಾರಣ ಆರೋಗ್ಯ ವಿಮೆಯನ್ನು ಮರೆಯಬಾರದು. ಬೆಂಗಳೂರಿನಿಂದ ಟ್ಯಾಂಪಾಕ್ಕಾಗಲಿ ಒರ್ಲ್ಯಾಂಡೊಗಾಗಲಿ ನೇರ ವಿಮಾನವಿಲ್ಲ. ಒಂದೆರಡು ಕಡೆ ಬದಲಾಯಿಸಬೇಕು. ಬುಗ್ಗೆಗಳಿಗೆ ಹೋಗಲು ನಮ್ಮಲ್ಲಿಯಂತೆ ಬಸ್ಸು ಹಿಡಿಯುವುದು ಕಷ್ಟ. ಬಾಡಿಗೆ ಕಾರು ಅಥವಾ ಮಕ್ಕಳ ಕಾರೇ ಗತಿ. ನಮ್ಮ ಲೈಸೆನ್ಸಿನಲ್ಲಿ ಕಾರು ಓಡಿಸುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಮೂರು ದಿನಗಳ ಒಂದು ಮಾದರಿ ಹೀಗಿರಬಹುದು. ಮೊದಲ ದಿನ ಟ್ಯಾಂಪಾ ತಲುಪಿ, ಬಿಡುವಿದ್ದರೆ ಅಪೊಲೊ ಬೀಚಿನ ವೀಕ್ಷಣಾ ಕೇಂದ್ರ ನೋಡಿ, ರಾತ್ರಿಗೆ ಕ್ರಿಸ್ಟಲ್ ರಿವರ್‌ನಲ್ಲಿ ತಂಗುವುದು. ಎರಡನೆಯ ದಿನ ಬೆಳಗಿನ ಜಾವ ದೋಣಿ, ನಂತರ ಥ್ರೀ ಸಿಸ್ಟರ್ಸ್ ಹಲಗೆದಾರಿ, ಮಧ್ಯಾಹ್ನ ಹೊಮೊಸಾಸಾ. ಮೂರನೆಯ ದಿನ ಬೇಗ ಎದ್ದು ಬ್ಲೂ ಸ್ಪ್ರಿಂಗ್ ಕಡೆಗೆ ಹೊರಟು, ಅಲ್ಲಿಂದ ಒರ್ಲ್ಯಾಂಡೊಗೆ. ಕೊಠಡಿಯನ್ನೂ ದೋಣಿಯನ್ನೂ ಮೊದಲೇ ಕಾದಿರಿಸಬೇಕು. ಉಣ್ಣೆಯ ಅಂಗಿ, ಟೋಪಿ, ಕಿವಿ ಮುಚ್ಚುವ ಬಟ್ಟೆ ಬೆಳಗ್ಗೆಗೆ ಬೇಕು. ಮಧ್ಯಾಹ್ನ 20 ಡಿಗ್ರಿಯ ಹಿತವಾದ ಬಿಸಿಲು. ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಊಟದ ಆಯ್ಕೆ ಕಡಿಮೆ. ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡರೆ ಉದ್ಯಾನದ ಬೆಂಚಿನ ಮೇಲೆ ಕುಳಿತು ತಿನ್ನಬಹುದು. ಪ್ಲಾಸ್ಟಿಕ್ ಚೀಲವನ್ನೂ ದಾರದ ತುಂಡನ್ನೂ ನೀರಿನ ಬಳಿ ಬಿಟ್ಟು ಬರಬಾರದು. ಇವು ಹೊಟ್ಟೆಗೆ ಹೋಗಿ ಸತ್ತ ಮ್ಯಾನಟಿಗಳಿವೆ.

ಹುಲ್ಲಿಲ್ಲದ ಚಳಿಗಾಲ

ಮ್ಯಾನಟಿಗಳ ಬೆನ್ನಿನ ಮೇಲೆ ಸಾಲು ಸಾಲಾಗಿ ಬಿಳಿಯ ಗಾಯದ ಕಲೆಗಳು ಕಾಣುತ್ತವೆ. ದೋಣಿಯ ಪ್ರೊಪೆಲ್ಲರ್ ಬರೆದ ಬರೆಗಳಿವು. ಸಂಶೋಧಕರು ಒಂದು ಮ್ಯಾನಟಿಯನ್ನು ಇನ್ನೊಂದರಿಂದ ಗುರುತಿಸುವುದೇ ಈ ಕಲೆಗಳಿಂದ ಎಂದರೆ ಗಾಯವಿಲ್ಲದವು ಎಷ್ಟು ಕಡಿಮೆ ಎಂಬುದನ್ನು ಊಹಿಸಬಹುದು.

ಆದರೆ ಈಚಿನ ವರ್ಷಗಳ ದೊಡ್ಡ ಆಪತ್ತು ಬಂದದ್ದು ದೋಣಿಯಿಂದಲ್ಲ, ಹಸಿವಿನಿಂದ. ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ಇಂಡಿಯನ್ ರಿವರ್ ಲಗೂನ್ ಎಂಬ ಉದ್ದನೆಯ ಹಿನ್ನೀರಿದೆ. ಮನೆಗಳ ಕೊಳಚೆ, ಹೊಲ ಮತ್ತು ಹುಲ್ಲುಹಾಸಿನ ಗೊಬ್ಬರ ಅಲ್ಲಿಗೆ ಹರಿದುಬಂದು ಪಾಚಿ ಉಕ್ಕಿತು. ಪಾಚಿ ಬಿಸಿಲನ್ನು ತಡೆದು ತಳದ ಕಡಲಹುಲ್ಲು ಸತ್ತಿತು. ಹುಲ್ಲು ನಂಬಿ ಬಂದ ಮ್ಯಾನಟಿಗಳು ಬೆಚ್ಚನೆಯ ನೀರನ್ನು ಬಿಟ್ಟು ದೂರ ಹೋಗಿ ಮೇಯಲಾರದೆ, ಅಲ್ಲೇ ಉಳಿದು ಬದುಕಲಾರದೆ ಸೊರಗಿದವು. 2021ರ ಒಂದೇ ವರ್ಷದಲ್ಲಿ ಫ್ಲೋರಿಡಾದಲ್ಲಿ ಸಾವಿರದ ನೂರು ಮ್ಯಾನಟಿಗಳು ಸತ್ತವು. ಕಾಡುಪ್ರಾಣಿಗೆ ತಿನ್ನಿಸಬಾರದೆಂಬ ನಿಯಮ ಮಾಡಿದ ಸರ್ಕಾರವೇ ಆ ಚಳಿಗಾಲದಲ್ಲೂ ಮುಂದಿನ ಚಳಿಗಾಲದಲ್ಲೂ ವಿದ್ಯುತ್ ಸ್ಥಾವರವೊಂದರ ಬಳಿ ಟನ್ನುಗಟ್ಟಲೆ ಲೆಟ್ಯೂಸ್ ಸೊಪ್ಪನ್ನು ನೀರಿಗೆ ಹಾಕಬೇಕಾಯಿತು. ವಿಪರ್ಯಾಸವೆಂದರೆ, 2017ರಲ್ಲಷ್ಟೇ ಮ್ಯಾನಟಿಯನ್ನು ‘ವಿನಾಶದ ಅಂಚಿನ’ ಪಟ್ಟಿಯಿಂದ ತೆಗೆದು ಅದಕ್ಕಿಂತ ಕೆಳಗಿನ ‘ಅಪಾಯದ’ ಪಟ್ಟಿಗೆ ಇಳಿಸಲಾಗಿತ್ತು. 2021-22ರ ಸಮೀಕ್ಷೆಯ ಅಂದಾಜಿನಂತೆ ಫ್ಲೋರಿಡಾದಲ್ಲಿರುವ ಮ್ಯಾನಟಿಗಳು 8,350ರಿಂದ 11,730.

ಕ್ರಿಸ್ಟಲ್ ರಿವರ್ ಇದಕ್ಕೆ ಉತ್ತರವನ್ನೂ ತೋರಿಸಿದೆ. ಅಲ್ಲಿಯೂ ಪಾಚಿ ಹಬ್ಬಿ ಹುಲ್ಲು ನಾಶವಾಗಿತ್ತು. ಊರಿನವರು ಮುಂದೆ ಬಂದು, ಸರ್ಕಾರದ ನೆರವಿನಿಂದ ತಳದ ಕೊಳೆಯನ್ನು ಯಂತ್ರಗಳಿಂದ ಹೀರಿ ತೆಗೆಸಿ, ಭತ್ತದ ನಾಟಿಯ ಹಾಗೆ ಕೈಯಿಂದಲೇ ಜಲಹುಲ್ಲು ನೆಡಿಸಿದರು. ಈಗ ಆ ಕೊಲ್ಲಿಯಲ್ಲಿ ಹುಲ್ಲುಗಾವಲು ಮರಳಿದೆ. ಮ್ಯಾನಟಿ ನೋಡಲು ಹೋದವರು ನೀರಿನಡಿಯ ಆ ಹಸಿರನ್ನೂ ನೋಡಿ ಬರಬೇಕು.

ನಮ್ಮ ಕಡಲಹಸು

ಅಷ್ಟು ದೂರ ಹೋಗಲಾರದವರು ನಮ್ಮಲ್ಲಿಯೇ ಏಕೆ ನೋಡಬಾರದು ಎಂದು ಕೇಳಬಹುದು. ಮ್ಯಾನಟಿಯ ಸೋದರಸಂಬಂಧಿಯಾದ ಡುಗಾಂಗ್ ನಮ್ಮ ಕಡಲಿನಲ್ಲಿದೆ. ಬಾಲದಿಂದ ಇವೆರಡನ್ನೂ ಪ್ರತ್ಯೇಕಿಸಬಹುದು. ಮ್ಯಾನಟಿಯದು ದುಂಡು, ಡುಗಾಂಗ್‌ನದು ತಿಮಿಂಗಿಲದಂತೆ ಕವಲು. ತಮಿಳುನಾಡಿನ ಮನ್ನಾರ್ ಖಾರಿ ಮತ್ತು ಪಾಕ್ ಕೊಲ್ಲಿ, ಗುಜರಾತಿನ ಕಚ್ ಖಾರಿ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ಅದರ ಉಳಿದ ನೆಲೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. 2022ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ದೇಶದ ಮೊದಲ ಡುಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಆದರೆ ಡುಗಾಂಗ್ ನೋಡಲೆಂದು ಪ್ರವಾಸ ಹೊರಡುವುದು ಸಾಧುವಲ್ಲ. ಅದು ಸದಾ ಕಡಲಿನಲ್ಲೇ ಇರುವ ಪ್ರಾಣಿ. ನೀರು ತಿಳಿಯಲ್ಲ, ಸಂಖ್ಯೆ ಬಹಳ ಕಡಿಮೆ, ಬುಗ್ಗೆಯಂಥ ಸೇರುವ ತಾಣವೂ ಇಲ್ಲ. ದೋಣಿಯಲ್ಲಿ ಹುಡುಕಿಕೊಂಡು ಹೋಗುವುದೆಂದರೆ ಉಳಿದ ಕೆಲವನ್ನೂ ಓಡಿಸಿದಂತೆ. ಬಲೆಗೆ ಸಿಕ್ಕ ಡುಗಾಂಗನ್ನು ಬಲೆ ಕತ್ತರಿಸಿ ಬಿಡುವ ಮೀನುಗಾರರಿಗೆ ಅಲ್ಲಿನ ಅರಣ್ಯ ಇಲಾಖೆ ಬಹುಮಾನ ಕೊಡುತ್ತದೆ. ಸದ್ಯಕ್ಕೆ ನಮ್ಮ ಕಡಲಹಸುವಿಗೆ ಬೇಕಾದದ್ದು ನೋಡುವ ಜನರಲ್ಲ, ಬಿಡುವ ಕೈಗಳು.

ಇದೇ ಕುಲದ ಸ್ಟೆಲರ್ ಕಡಲಹಸು ಎಂಬ ದೈತ್ಯ ಪ್ರಾಣಿಯೊಂದು ರಷ್ಯದ ಪೂರ್ವ ತುದಿಯ ದ್ವೀಪಗಳ ಬಳಿ 1741ರಲ್ಲಿ ಯುರೋಪಿಯನ್ನರ ಕಣ್ಣಿಗೆ ಬಿತ್ತು. ಮಾಂಸಕ್ಕಾಗಿ ಬೇಟೆಯಾಡಿ 1768ರ ವೇಳೆಗೆ ಅದನ್ನು ಪೂರ್ತಿ ಮುಗಿಸಿದರು. ಕಂಡ ದಿನದಿಂದ ಕಾಣೆಯಾಗುವ ದಿನಕ್ಕೆ ಇಪ್ಪತ್ತೇಳು ವರ್ಷ. ಬ್ಲೂ ಸ್ಪ್ರಿಂಗ್‌ನಲ್ಲಿ ನಲವತ್ತಕ್ಕಿಂತ ಕಡಿಮೆಯಿದ್ದದ್ದು ಒಂಬೈನೂರು ದಾಟಲು ಬೇಕಾದದ್ದು ಐವತ್ತು ವರ್ಷ. ಕಳೆಯುವುದು ಬೇಗ, ಕೂಡಿಸುವುದು ನಿಧಾನ. ಫ್ಲೋರಿಡಾಕ್ಕೆ ಹೋಗುವ ಅವಕಾಶವಿರುವವರು ಚಳಿಗೆ ಅಂಜದೆ ಜನವರಿಯಲ್ಲಿ ಹೋಗಲಿ, ಹಲಗೆದಾರಿಯ ಕಟಕಟೆಗೆ ಒರಗಿ ಒಂದು ಗಂಟೆ ಸುಮ್ಮನೆ ನಿಲ್ಲಲಿ. ತಾವು ಬಂದದ್ದು ಮ್ಯಾನಟಿಗೆ ಗೊತ್ತಾಗದಂತೆ ಹಿಂತಿರುಗಿದರೆ ಪ್ರವಾಸ ಚೆನ್ನಾಗಿ ನಡೆಯಿತೆಂದೇ ತಿಳಿಯಬೇಕು.